ಸಸಿ ನೆಡದೆ ಸೊಪ್ಪಿನ ಬೆಟ್ಟ ಬೆಳೆಸಿದ್ದು: ನನ್ನ ಅನುಭವ

ತೋಟಕ್ಕೆ ಹಾಕುವ ದುಡ್ಡನ್ನು ಸೊಪ್ಪಿನ ಬೆಟ್ಟಕ್ಕೆ, ಅಂದರೆ ತೋಟದ ಗೊಬ್ಬರಕ್ಕೆ ಸೊಪ್ಪು ತರುವ ಕಾಡಿಗೆ, ಹಾಕುತ್ತೇನೆ ಅಂದಾಗ ಊರಲ್ಲಿ ನಗದವರೇ ಇರಲಿಲ್ಲ. ‘ಎಂತ ಮಾರಾಯ, ದುಡ್ಡು ಕೊಟ್ಟು ಜಿಗ್ಗು (ಪೊದೆ) ಬೆಳೆಸ್ತ್ಯ?’ ಅಂದಿದ್ದ ಭಾವನೇ ಹೋದ ಬೇಸಿಗೆಯಲ್ಲಿ ನನ್ನ ಬೆಟ್ಟದ ಅಬ್ಬಿಯಿಂದ (ಒರತೆ ನೀರಿನಿಂದ) ಪೈಪು ಎಳೆದುಕೊಂಡ. ಇನ್ನು ಬರೆದರೆ ತಪ್ಪಿಲ್ಲ.

ನಮ್ಮ ಶಿರಸಿ ಸೀಮೆಯಲ್ಲಿ ಎಕರೆ ಅಡಿಕೆ ತೋಟಕ್ಕೆ 9 ಎಕರೆ ಬೆಟ್ಟ ಅನ್ನುವುದು ಬ್ರಿಟಿಷರ ಕಾಲದ ಲೆಕ್ಕ. ಕಾಗದದಲ್ಲಿ ನನ್ನದೂ ಹಾಗೇ ಇದೆ. ನೆಲದ ಮೇಲೆ ನೋಡಿದರೆ ಕಮ್ಯುನಿಸ್ಟ್ ಗಿಡ ಅನ್ನುವ ಕಳೆಯ ಮೆಳೆ, ನಡುವೆ ತುದಿವರೆಗೆ ಸವರಿಸಿಕೊಂಡ ಮತ್ತಿ, ನಂದಿ, ಕೌಲು. ಅಬ್ಬಿ ನೀರು ಶಿವರಾತ್ರಿಗೇ ಕೈಕೊಡುತ್ತಿತ್ತು. ಅಕೇಶಿಯಾ ಹಾಕು ಅಂದವರೇ ಹೆಚ್ಚು. ಅದರ ದರಕು (ಒಣ ಎಲೆ) ಕೊಟ್ಟಿಗೆಗೆ ಹಾಸಿದವರಿಗೆ ಗೊತ್ತು, ವರ್ಷವಾದರೂ ಕರಗುವುದಿಲ್ಲ.

ಮೊದಲು ಎಲ್ಲರಂತೆ ಸಸಿ ತಂದೆ. ಪಿಕಪ್ ಬಾಡಿಗೆ, ಗುಂಡಿ, ಆಳು ಎಲ್ಲ ಸೇರಿ ನಲವತ್ತು ಸಾವಿರದ ಹತ್ತಿರ. ಒಂದಷ್ಟನ್ನು ದನ ತಿಂದವು, ಉಳಿದದ್ದರಲ್ಲಿ ಮುಕ್ಕಾಲು ಪಾಲು ಬೇಸಿಗೆಗೆ ಒಣಗಿತು. ನರ್ಸರಿಯವನು ಉಪ್ಪಾಗೆ (ಒಣಗಿಸಿದ ಹುಳಿ ಸಿಪ್ಪೆಗೆ ಬೆಳೆಸುವ ಮರ) ಅಂತ ಕೊಟ್ಟದ್ದರಲ್ಲಿ ಅರ್ಧ ಮುರುಗಲು, ಅಂದರೆ ಕೋಕಂ. ಅಲ್ಲಿಗೆ ನೆಡುವ ಉಸಾಬರಿ ಬಿಟ್ಟೆ.

ಆಮೇಲೆ ಮಾಡಿದ್ದು ಇಷ್ಟೇ. ದನ ಬಾರದಂತೆ ಬೆಟ್ಟದ ಸುತ್ತ ತೋಡಿದ್ದ ಅಜ್ಜನ ಕಾಲದ ಅಗಳ (ಕಂದಕ) ಮುಚ್ಚಿಹೋಗಿತ್ತು, ಅದನ್ನು ಆಳಿನ ಕೈಯಲ್ಲೇ ಬಿಡಿಸಿದೆ. ಎರಡು ಬೇಸಿಗೆ ಹಿಡಿಯಿತು. ಲಕ್ಷದ ಮೇಲೆ ಹೋಯಿತು, ಮನೆಯಲ್ಲಿ ಮಾತೂ ಆಯಿತು. ಜನವರಿಯೊಳಗೆ ಬೆಂಕಿ ದಾಟದಂತೆ ಗೆರೆ ಕೆರೆಸುವುದು ಮಾತ್ರ ಒಂದು ವರ್ಷವೂ ತಪ್ಪಿಸಲಿಲ್ಲ. ಕಮ್ಯುನಿಸ್ಟ್ ಗಿಡವನ್ನು ಒಂದೇ ಸಲ ಬೋಳಿಸಬೇಡಿ, ಅದರ ನೆರಳಲ್ಲೇ ತಾವಾಗಿ ಹುಟ್ಟಿದ ಕಾಟು ಸಸಿಗಳು ಬದುಕಿರುತ್ತವೆ. ಮಳೆ ಕಮ್ಮಿಯಾಗಿ ನೆಲ ಇನ್ನೂ ಮೆತ್ತಗಿರುವಾಗ, ಹೂ ಬರುವ ಮೊದಲು, ಸಸಿಯ ಸುತ್ತ ಮಾತ್ರ ಬೇರು ಸಮೇತ ಕೀಳಿ. ಹಳೆ ಬುಡದಲ್ಲಿ ಎಂಟು ಹತ್ತು ಚಿಗುರು ಎದ್ದರೆ ಎರಡು ಬಿಟ್ಟು ಉಳಿದದ್ದನ್ನು ತೆಗೆಯಿರಿ. ಯಾವ ಎರಡು ಅನ್ನುವುದನ್ನು ಬಂದವರಿಗೆ ಮರದ ಬುಡದಲ್ಲೇ ತೋರಿಸುತ್ತೇನೆ, ಬರೆದರೆ ತಿಳಿಯುವುದಿಲ್ಲ. ಸೊಪ್ಪಿಗೆ ಬೆಟ್ಟವನ್ನು ಮೂರು ಪಾಲು ಮಾಡಿ ವರ್ಷಕ್ಕೊಂದು ಪಾಲು ಸವರಿಸುತ್ತೇನೆ, ತುದಿ ಮುಟ್ಟಗೊಡುವುದಿಲ್ಲ. ಮೊದಲ ಮೂರ್ನಾಲ್ಕು ವರ್ಷ ಸೊಪ್ಪು ಸಾಲದೆ ದರಕು ಕೊಂಡದ್ದೂ ಇದೆ.

ಬೆಟ್ಟದ ನಡುವೆ ಒಂದು ಮುದಿ ಬಸರಿ ಮರ. ಸೊಪ್ಪಿಗೂ ಆಗದ, ಮೋಪಿಗೂ ಆಗದ ಮರ ಯಾಕೆ ಅಂತ ಕೇಳದವರಿಲ್ಲ. ಅದರ ಹಣ್ಣಿಗೆ ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿಗಳು ಬರುತ್ತವೆ. ಬರುವಾಗ ಕೆಳಗಿನ ಹಳ್ಳದ ರಾಮಪತ್ರೆ (ಕಾಡು ಜಾಯಿಕಾಯಿ) ನುಂಗಿ ಬಂದು ಬೀಜವನ್ನು ಇಲ್ಲಿ ಉಗುಳುತ್ತವೆ. ಇವತ್ತು ಅಬ್ಬಿಯ ಪಕ್ಕದಲ್ಲಿ ಆಳೆತ್ತರದ ರಾಮಪತ್ರೆ ಇಪ್ಪತ್ತಕ್ಕೆ ಕಮ್ಮಿಯಿಲ್ಲ, ಒಂದನ್ನೂ ನಾನು ನೆಟ್ಟಿದ್ದಲ್ಲ. ಅದರ ಬೀಜಕ್ಕೆ ಸುತ್ತಿಕೊಂಡ ಪತ್ರೆಯ ರೇಟು ನಿಮಗೆ ನಾನು ಹೇಳಬೇಕಾಗಿಲ್ಲ.

ನನಗೆ ಹೆಚ್ಚು ಖುಷಿ ಕೊಟ್ಟದ್ದು ಜೇನು. 1991-92ರಲ್ಲಿ ಜೇನುಮರಿಗಳನ್ನು ಕೊಂದ ಥಾಯ್ ಸ್ಯಾಕ್ ಬ್ರೂಡ್ ರೋಗಕ್ಕೆ ಅಪ್ಪಯ್ಯನ ಪೆಟ್ಟಿಗೆ ಎಲ್ಲ ಖಾಲಿಯಾಗಿದ್ದವು. ಮತ್ತೆ ತುದುವೆ (ಪೆಟ್ಟಿಗೆಯಲ್ಲಿ ಸಾಕುವ ನಾಟಿ ಜೇನು) ಕುಟುಂಬ ಸಿಕ್ಕಿದ್ದು ಕಾಡಿನ ಪೊಟರೆಯಲ್ಲೇ. ಬೆಟ್ಟದಲ್ಲಿ ಪೊಟರೆ ಮರವನ್ನೆಲ್ಲ ಕಟ್ಟಿಗೆ ಮಾಡಿದ್ದರೆ ಎಲ್ಲಿಂದ ತರುವುದು? ಏಲಕ್ಕಿ ಹೂ ಬೆಳಗ್ಗೆ ಅರಳಿದರೆ ಅದರ ಆಯಸ್ಸು ಒಂದೇ ದಿನ. ಅಷ್ಟರೊಳಗೆ ಜೇನು ಕೂರದಿದ್ದರೆ ಕಾಯಿ ಇಲ್ಲ. ಆ ಹೊತ್ತಿಗೆ ಪೆಟ್ಟಿಗೆ ತುಂಬಿರಬೇಕು ಅಂದರೆ ಫೆಬ್ರವರಿಯಿಂದಲೇ ಬೆಟ್ಟದಲ್ಲಿ ಒಂದಾದ ಮೇಲೊಂದು ಹೂ ಬೇಕು. ನೇರಳೆ ಒಂದೇ ಇದ್ದರೆ ಅದು ಮುಗಿದ ಮೇಲೆ ಉಪವಾಸ, ಹುಳ ಪೆಟ್ಟಿಗೆ ಬಿಟ್ಟು ಹೋಗುತ್ತದೆ. ಹತ್ತು ಜಾತಿ ಮರ ಇದ್ದರೆ ಯಾವುದಾದರೂ ಒಂದು ಹೂ ಬಿಟ್ಟಿರುತ್ತದೆ. ತೋಟದ ಏಲಕ್ಕಿ ಮೊದಲಿನದಕ್ಕಿಂತ ಒಂದೂವರೆ ಪಟ್ಟು ಆಗಿದೆ ಅಂತ ನನ್ನ ಅಂದಾಜು. ತೂಕದ ಚೀಟಿ ಇಟ್ಟುಕೊಂಡಿಲ್ಲ.

ನಡುವೆ ಉಪ್ಪಾಗೆಯ ಹುಚ್ಚು ಹಿಡಿದಿತ್ತು. ಬೀಜ ಹಾಗೇ ಹಾಕಿದರೆ ತಿಂಗಳುಗಟ್ಟಲೆ ಮಲಗಿರುತ್ತದೆ. ಮೇಲಿನ ಸಿಪ್ಪೆ ಸುಲಿದು ಹಾಕಿದ್ದು ತಿಂಗಳೊಪ್ಪತ್ತಿನಲ್ಲಿ ಮೊಳೆಯಿತು. ಆದರೆ ಬೀಜದ ಗಿಡ ಗಂಡೋ ಹೆಣ್ಣೋ ತಿಳಿಯಲು ಹತ್ತು ವರ್ಷ ಕಾಯಬೇಕು, ಅದಕ್ಕೇ ಕಸಿಗೆ ಇಳಿದೆ. ಅಡ್ಡ ಕೊಂಬೆಯ ಕಡ್ಡಿ ಕಟ್ಟಿದರೆ ಗಿಡ ಮೇಲೇಳದೆ ಅಡ್ಡಡ್ಡವೇ ಹಬ್ಬುತ್ತದೆ, ನೇರ ಚಿಗುರೇ ಬೇಕು. ಅದನ್ನು ಯಾವ ತಿಂಗಳಲ್ಲಿ, ಯಾವ ಮರದಿಂದ ತೆಗೆಯುವುದು ಅನ್ನುವುದು ಸದ್ಯ ನನ್ನ ಹತ್ತಿರವೇ ಇರಲಿ. ಉಪ್ಪಾಗೆಯ ಇನ್ನೊಂದು ತಲೆನೋವು ಮಳೆಗಾಲದಲ್ಲಿ ಒಣಗಿಸುವುದು. ಅದಕ್ಕೆ ಬೆಟ್ಟದ ಕಟ್ಟಿಗೆಯನ್ನೇ ಉರಿಸಿದರೆ ಇಷ್ಟೆಲ್ಲ ಮಾಡಿದ್ದು ಯಾವ ಸುಖಕ್ಕೆ? ನಾನು ಅಡಿಕೆ ಸಿಪ್ಪೆ ಉರಿಸುತ್ತೇನೆ. ಹೊಗೆ ಜಾಸ್ತಿ, ಆದರೆ ಸಿಪ್ಪೆ ಕೊಳ್ಳಬೇಕಾಗಿಲ್ಲ.

ಈಗ ಅಬ್ಬಿ ನೀರು ಯುಗಾದಿ ದಾಟಿ ಏಪ್ರಿಲ್ ಕೊನೆಯವರೆಗೆ ಬರುತ್ತದೆ. ಎರಡು ವರ್ಷದಿಂದ ಬೋರಿನ ಮಾತು ಮನೆಯಲ್ಲಿ ಎದ್ದಿಲ್ಲ. ಹಾಕಿದ ದುಡ್ಡು ಎರಡು ಲಕ್ಷದ ಆಚೆ, ಪತ್ರೆ, ಉಪ್ಪಾಗೆ, ಜೇನುತುಪ್ಪದಿಂದ ಬಂದದ್ದು ಇನ್ನೂ ಅಷ್ಟಾಗಿಲ್ಲ. ಗೊಬ್ಬರ ಕೊಳ್ಳದೆ ಉಳಿಸಿದ ದುಡ್ಡನ್ನೂ ಸೇರಿಸಿದರೆ ಸರಿಹೋಗಿದೆ ಅನ್ನಬಹುದು. ಮಂಗನ ಕಾಟಕ್ಕೆ ಮಾತ್ರ ನನ್ನ ಹತ್ತಿರ ಮದ್ದಿಲ್ಲ. ಬೆಟ್ಟದಲ್ಲಿ ಹಣ್ಣು ಇರುವಷ್ಟು ದಿನ ಅಲ್ಲೇ ಇರುತ್ತವೆ, ಮುಗಿದ ದಿನ ನೆಟ್ಟಗೆ ತೋಟಕ್ಕೆ.