ಜರ್ಸಿ ಸಿಟಿ ಬಾರ್‌ಕೇಡ್‌ಗೆ ಗ್ಯಾಂಗ್ ಕಟ್ಕೊಂಡು ಹೋಗೋದಾದ್ರೆ

ನಮ್ಮೂರ ಬಸ್ ಸ್ಟ್ಯಾಂಡ್ ಹಿಂದೆ ಒಂದು ವಿಡಿಯೋ ಗೇಮ್ ಅಂಗಡಿ ಇತ್ತು, ಸ್ಕೂಲ್ ಬಿಟ್ಟ ತಕ್ಷಣ ಒಂದ್ರೂಪಾಯಿ ಕಾಯಿನ್ ಹಿಡ್ಕೊಂಡು ಮುಸ್ತಫಾ ಗೇಮ್ ಆಡೋಕೆ ಓಡ್ತಿದ್ವಿ. ಒಬ್ಬ ಆಡ್ತಿದ್ರೆ ಹಿಂದೆ ಐದು ಜನ ನಿಂತ್ಕೊಂಡು ಹೊಡಿ ಹೊಡಿ ಅಂತ ಕೂಗೋದು ಇದ್ಯಲ್ಲ, ಆ ಖುಷಿ ಮತ್ತೆ ಬೇಕು ಅನ್ನೋರು ನ್ಯೂಜೆರ್ಸಿ ಕಡೆ ಇದ್ರೆ ಒಂದ್ಸಲ ಬಾರ್‌ಕೇಡ್‌ಗೆ ಹೋಗ್ಲೇಬೇಕು. ಬಾರೂ ಹೌದು, ಹಳೇ ಗೇಮ್ ಪಾರ್ಲರೂ ಹೌದು. 2004ರಲ್ಲಿ ಬ್ರೂಕ್ಲಿನ್‌ನಲ್ಲಿ ಶುರುವಾಗಿದ್ದು, ಜರ್ಸಿ ಸಿಟಿಗೆ ಬಂದಿದ್ದು 2011ರಲ್ಲಿ. ನ್ಯೂಯಾರ್ಕ್ ನ್ಯೂಜೆರ್ಸಿ ಮಧ್ಯೆ ಓಡೋ ಪಾತ್ ಟ್ರೈನಲ್ಲಿ ಗ್ರೋವ್ ಸ್ಟ್ರೀಟ್ ಸ್ಟೇಷನ್‌ಗೆ ಬಂದಿಳಿದ್ರೆ ನ್ಯೂಆರ್ಕ್ ಅವೆನ್ಯೂಲಿ ನಡ್ಕೊಂಡೇ ಹೋಗ್ಬಹುದು.

ನಾಲ್ಕು ಜನ ಹೋಗಿ. ಇದು ನಾನು ತುಂಬಾ ಸಲ ಹೋಗಿ ಕಲ್ತಿದ್ದು, ಹತ್ತು ಜನ ಹೋದ್ರೆ ಅರ್ಧ ಜನ ಮೂಲೇಲಿ ನಿಂತು ಫೋನ್ ನೋಡ್ತಿರ್ತಾರೆ, ನಾಲ್ಕು ಜನ ಆದ್ರೆ ಒಂದೇ ಮಷೀನ್ ಮುಂದೆ ಎಲ್ರಿಗೂ ಜಾಗ ಇರುತ್ತೆ. ಶನಿವಾರ ರಾತ್ರಿ ರಶ್ಶು, ಮಂಗಳವಾರ ಬುಧವಾರ ಆದ್ರೆ ಆರಾಮಾಗಿ ಆಡ್ಬಹುದು.

ಪಾಸ್‌ಪೋರ್ಟೋ ಅಮೆರಿಕಾದ ಲೈಸೆನ್ಸೋ ಒರಿಜಿನಲ್ ಇಟ್ಕೊಳ್ಳಿ. ಅಲ್ಲಿ ಕುಡಿಯೋಕೆ 21 ಆಗಿರ್ಬೇಕು, ತಲೆ ನರೆತಿದ್ರೂ ಐಡಿ ಕೇಳ್ತಾರೆ. ಊರಿಂದ ಬಂದಿದ್ದ ಫ್ರೆಂಡ್ ಒಬ್ಬ ಫೋನಲ್ಲಿ ಪಾಸ್‌ಪೋರ್ಟ್ ಫೋಟೋ ತೋರ್ಸಿದ್ದಕ್ಕೆ ಬೇರೆ ಒಂದು ಬಾರಲ್ಲಿ ಒಳಗೇ ಬಿಡ್ಲಿಲ್ಲ, ಪಾಪ ಅಷ್ಟು ಆಸೆಯಿಂದ ಬಂದಿದ್ದ, ಎಲ್ರೂ ವಾಪಸ್ ಬಂದ್ವಿ.

ಊಟ ಮುಗಿಸ್ಕೊಂಡೇ ಹೋಗಿ. ಇದೇ ನ್ಯೂಆರ್ಕ್ ಅವೆನ್ಯೂ ಮುಂದೆ ಜರ್ನಲ್ ಸ್ಕ್ವೇರ್ ಹತ್ರ ಇಂಡಿಯಾ ಸ್ಕ್ವೇರ್ ಆಗುತ್ತೆ, ಅಲ್ಲಿ ಬಿಸಿ ಬಿಸಿ ದೋಸೆ ತಿಂದು ಒಂದು ಸ್ಟಾಪ್ ಪಾತ್ ಹತ್ತಿ ಬನ್ನಿ. ಬಾರಲ್ಲೂ ತಿನ್ನೋಕೆ ಸಿಗುತ್ತೆ, ಆದ್ರೆ ಎಣ್ಣೆ ಕೈಲಿ ಜಾಯ್‌ಸ್ಟಿಕ್ ಹಿಡಿಯೋದು ಬೇಡ, ನಿಮ್ಮಾದ್ಮೇಲೆ ಇನ್ನೊಬ್ರು ಆಡ್ಬೇಕಲ್ವಾ.

ಹಳೇ ಗೇಮ್‌ಗಳು 25 ಸೆಂಟಿಗೇ ಸಿಗ್ತವೆ. ಒಂದು ಕ್ವಾರ್ಟರ್ ಅಂದ್ರೆ ಡಾಲರಿನ ಕಾಲು ಭಾಗ, ಅಂದ್ರೆ ಹತ್ತು ಡಾಲರ್ ಚಿಲ್ಲರೆ ಮಾಡಿಸಿದ್ರೆ 40 ಆಟ. ಪಿನ್‌ಬಾಲ್‌ಗೆ, ಅಂದ್ರೆ ಇಳಿಜಾರು ಮೇಜಲ್ಲಿ ಉಕ್ಕಿನ ಬಾಲ್ ಕೆಳಗೆ ಬೀಳದಂಗೆ ಹೊಡೀತಾ ಇರೋ ಮಷೀನ್‌ಗೆ, ಜಾಸ್ತಿ ಆಗುತ್ತೆ. ಆ ಪಿನ್‌ಬಾಲನ್ನೇ ಜೂಜು ಅಂತ ನ್ಯೂಯಾರ್ಕ್ ಸಿಟಿಲಿ 1940ರ ದಶಕದಿಂದ 1976ರವರೆಗೂ ಬ್ಯಾನ್ ಮಾಡಿದ್ರು, ಈಗ ನದಿ ಈಚೆ ನಿಂತು ನಾವು ಆಡ್ತಿರ್ವಾಗ ನಂಗೆ ಅದು ನೆನಪಾಗ್ತಿರುತ್ತೆ. ಮಷೀನನ್ನ ಮೆಲ್ಲಗೆ ತಳ್ಳಬಹುದು, ಜೋರಾಗಿ ಅಲ್ಲಾಡಿಸಿದ್ರೆ ಟಿಲ್ಟ್ ಆಗಿ ಆ ಬಾಲ್ ಹೋಯ್ತು ಅಂತ್ಲೇ.

ಈಗ ಆಟ. ಮಷೀನ್‌ಗಳು ಬದಲಾಗ್ತಿರ್ತವೆ, ಮೊದ್ಲು ಒಂದು ರೌಂಡ್ ಹಾಕಿ ನಾಲ್ಕು ಜಾಯ್‌ಸ್ಟಿಕ್ ಇರೋದು ಯಾವ್ದಿದೆ ನೋಡಿ. 1989ರ ನಿಂಜಾ ಟರ್ಟಲ್ಸ್ ಸಿಕ್ರೆ ಅಲ್ಲಿಂದ್ಲೇ ಶುರು ಮಾಡಿ, ಮುಸ್ತಫಾ ಆಡಿರೋರಿಗೆ ಏನೂ ಹೇಳ್ಕೊಡ್ಬೇಕಾಗಿಲ್ಲ, ಅದೇ ಥರ ಎಲ್ರೂ ಸೇರಿ ಹೊಡ್ಕೊಂಡು ಮುಂದೆ ಹೋಗೋದು. 1985ರ ಗಾಂಟ್ಲೆಟ್ ಇದ್ರಂತೂ ಬಿಡ್ಬೇಡಿ, ಅದ್ರಲ್ಲಿ ಸುಮ್ನೆ ನಿಂತಿದ್ರೂ ಶಕ್ತಿ ಕಮ್ಮಿ ಆಗ್ತಾನೇ ಇರುತ್ತೆ, ಊಟ ಹುಡ್ಕಬೇಕು, ಆ ಊಟಕ್ಕೆ ಯಾರಾದ್ರೂ ಗುಂಡು ಹೊಡೆದ್ರೆ ಅದೂ ಹಾಳಾಗುತ್ತೆ, ಹಾಗಾಗಿ ಯಾರಿಗೆ ಕಮ್ಮಿ ಇದೆ ಅವ್ರಿಗೆ ತಿನ್ನೋಕೆ ಬಿಡಿ ಅಂತ ಕೂಗಾಡ್ತಾ ಆಡ್ಬೇಕು.

ಆಮೇಲೆ 1981ರ ಗ್ಯಾಲಗಾ, ಕೆಳಗಿರೋ ನಮ್ಮ ಶಿಪ್‌ನಿಂದ ಮೇಲೆ ಸಾಲಾಗಿ ನಿಂತಿರೋ ಶತ್ರುಗಳಿಗೆ ಗುಂಡು ಹೊಡೆಯೋ ಗೇಮ್, ನಂಗೆ ಎಲ್ಲಕ್ಕಿಂತ ಇಷ್ಟ. ಒಂದು ಟ್ರಿಕ್ ಇದೆ. ಮೇಲಿನ ಸಾಲಿನ ಬಾಸ್ ಕೆಳಗೆ ಬಂದು ನೀಲಿ ಬೆಳಕು ಬಿಟ್ಟಾಗ ಬೇಕಂತಲೇ ಸಿಕ್ಕಾಕೊಳ್ಳಿ, ಆದ್ರೆ ಕೈಲಿ ಇನ್ನೊಂದು ಲೈಫ್ ಇರ್ಲೇಬೇಕು. ಅದು ನಿಮ್ಮ ಶಿಪ್‌ನ ಎತ್ಕೊಂಡು ಹೋಗುತ್ತೆ. ಅದೇ ಬಾಸ್ ಮತ್ತೆ ದಾಳಿಗೆ ಇಳಿಯೋವಾಗ ಹೊಡೆದು ಉರುಳಿಸಿ, ಮೇಲೆ ಸಾಲಲ್ಲಿ ನಿಂತಿದ್ದಾಗ ಬೇಡ, ಹಿಡಿದಿಟ್ಟಿರೋ ಶಿಪ್‌ಗೂ ತಾಗಿಸ್ಬೇಡಿ. ಸರಿಯಾಗಿ ಹೊಡೆದ್ರೆ ಎರಡು ಶಿಪ್ ಜೋಡಿಯಾಗಿ ಬರುತ್ತೆ, ಗುಂಡೂ ಡಬಲ್. ಮೊದ್ಲನೇ ಸಲ ಇದು ಆದಾಗ ಫ್ರೆಂಡ್ಸ್ ಕಿರುಚಿದ್ದು ನಂಗಿನ್ನೂ ಕಿವೀಲಿದೆ. ಪ್ಯಾಕ್‌ಮ್ಯಾನ್‌ಗೂ ಒಂದು ಹೇಳ್ಬಿಡ್ತೀನಿ, ಭೂತಗಳು ಪಕ್ಕದ ಸುರಂಗದಲ್ಲಿ ನಿಧಾನ ಆಗ್ತವೆ, ಅಟ್ಟಿಸ್ಕೊಂಡು ಬಂದ್ರೆ ಅದ್ರೊಳಗೆ ನುಗ್ಗಿ.

ಯಾರೋ ಆಡ್ತಿರೋ ಮಷೀನ್ ಬೇಕಿದ್ರೆ ಸ್ಕ್ರೀನ್ ಕೆಳಗಿನ ಅಂಚಲ್ಲಿ ನಿಮ್ ಕಾಯಿನ್ ಇಡಿ, ಮುಂದಿನ ಸರದಿ ನಿಮ್ದು ಅಂತ ಅರ್ಥ, ಹಳೇ ಕಾಲದಿಂದ ಬಂದಿರೋ ಪದ್ಧತಿ. ಗ್ಲಾಸ್ ಮಾತ್ರ ಬಟನ್ ಹತ್ರ ಇಡ್ಲೇಬೇಡಿ, ಬಿಯರ್ ಒಳಗಿಳಿದ್ರೆ ಅಷ್ಟು ಹಳೇ ಮಷೀನ್ ರಿಪೇರಿ ಮಾಡೋದು ಸುಲಭ ಅಲ್ಲ. ಒಂದೊಂದು ಡ್ರಿಂಕ್‌ಗೂ ಒಂದೊಂದು ಡಾಲರ್ ಟಿಪ್ ಬಿಡಿ, ಕುಡಿಯದೇ ಇರೋರು ಸೋಡಾ ತಗೊಂಡ್ರೂ ಬಿಡಿ.

ಹೈಸ್ಕೋರ್ ಬಂದ್ರೆ ಹೆಸ್ರಿಗೆ ಮೂರೇ ಅಕ್ಷರ ಸಿಗೋದು. ನಾವು ನಾಲ್ಕು ಜನ ಯಾರು ಹೊಡೆದ್ರೂ ನಮ್ಮೂರ ಹೆಸರಿನ ಮೊದಲ ಮೂರು ಇಂಗ್ಲಿಷ್ ಅಕ್ಷರನೇ ಹಾಕೋದು. ವಾಪಸ್ ಬರೋಕೆ ಕಾರ್ ಬೇಡ, ಪಾತ್ 24 ಗಂಟೆನೂ ಓಡುತ್ತೆ, ಮಧ್ಯರಾತ್ರಿ ಆದ್ಮೇಲೆ ಮಾತ್ರ ಟ್ರೈನ್ ಮಧ್ಯೆ ಗ್ಯಾಪ್ ಜಾಸ್ತಿ, ಅದಕ್ಕೆ ಟೈಮ್ ನೋಡ್ಕೊಂಡು ಕೊನೇ ಕ್ವಾರ್ಟರ್ ಹಾಕಿ.