ಬಿಲ್ ಹೊಡೆಯುವ ಮೊದಲೇ ಕೇಳಿ: ಹಿರಿಯರ ರಿಯಾಯಿತಿ ಪಡೆಯುವುದು ಹೀಗೆ

ಕಳೆದ ಮಳೆಗಾಲದಲ್ಲಿ ಅಪ್ಪನ ಜೊತೆ ಔಷಧಿ ಅಂಗಡಿಗೆ ಹೋಗಿದ್ದೆ. ಕಲಬುರಗಿಯಲ್ಲಿ ನಮ್ಮ ಮನೆ ಹತ್ತಿರದ್ದೇ ಅಂಗಡಿ. ಬಿ.ಪಿ. ಮತ್ತು ಶುಗರ್‌ನ ತಿಂಗಳ ಗುಳಿಗೆ ತರಬೇಕಿತ್ತು. ಬಿಲ್ 1,260 ರೂಪಾಯಿ ಆಯಿತು. ಅಪ್ಪ ನೋಟು ಎಣಿಸುತ್ತಿದ್ದಾಗ ನಾನು ಸುಮ್ನೆ ಅತ್ತಿತ್ತ ನೋಡುತ್ತಿದ್ದೆ. ಸಾಲಾಗಿ ತೂಗುಬಿಟ್ಟಿದ್ದ ಶಾಂಪೂ ಚೀಟಿಗಳ ಹಿಂದೆ ಒಂದು ಹಳದಿ ಕಾಗದ ಅಂಟಿಸಿದ್ದು ಕಾಣಿಸಿತು. ಕೈಯಿಂದ ಸರಿಸಿ ಓದಿದೆ: ‘60 ವರ್ಷ ಮೇಲ್ಪಟ್ಟವರಿಗೆ ಶೇ 10 ರಿಯಾಯಿತಿ’.

ಅಪ್ಪನಿಗೆ 71. ಕೌಂಟರ್‌ನ ಹುಡುಗನಿಗೆ ತೋರಿಸಿದೆ. ‘ಬಿಲ್ ಆಗ್ಯಾದ್ರಿ ಮುತ್ಯಾ, ಮೊದಲೇ ಹೇಳಬೇಕಿತ್ರಿ’ ಅಂದ. ಆ ಚೀಟಿ ಅಂಟಿಸಿ ಎಷ್ಟು ದಿನ ಆಯಿತು ಅಂತ ಕೇಳಿದೆ. ಎರಡು ವರ್ಷ ಆಗಿತ್ತು. ಎರಡು ವರ್ಷದಿಂದ ಅಪ್ಪ ಪ್ರತಿ ತಿಂಗಳು ಅಲ್ಲಿಗೇ ಹೋಗುತ್ತಿದ್ದರು. ಲೆಕ್ಕ ಹಾಕಿದರೆ ಹತ್ತಿರ ಹತ್ತಿರ ಮೂರು ಸಾವಿರ ರೂಪಾಯಿ ಸುಮ್ಮನೆ ಹೋಗಿತ್ತು.

ಇದೇ ಅಪ್ಪ ಕಣ್ಣಿ ಮಾರ್ಕೆಟ್‌ನಲ್ಲಿ ಒಂದು ಕಟ್ಟು ಮೆಂತೆ ಪಲ್ಯಕ್ಕೆ ಐದು ನಿಮಿಷ ಚೌಕಾಸಿ ಮಾಡುತ್ತಾರೆ. ಗಾಜಿನ ಬಾಗಿಲಿನ ಅಂಗಡಿಗೆ ಹೋದರೆ ಮಾತ್ರ ಬಾಯಿ ಕಟ್ಟಿಬಿಡುತ್ತದೆ. ಯಾಕೆ ಅಂತ ಕೇಳಿದರೆ ‘ಅಲ್ಲಿ ಕೇಳೋದು ಬೇಡಿದಂಗ ಆಗ್ತದ’ ಅನ್ನುತ್ತಾರೆ. ನಮ್ಮ ಭಾಗದ ಬಹಳಷ್ಟು ಹಿರಿಯರಿಗೆ ಇದೇ ಸಂಕೋಚ. ಆದರೆ ಅಂಗಡಿಯವರು ರಿಯಾಯಿತಿ ಇಡುವುದು ವ್ಯಾಪಾರದ ಲೆಕ್ಕಕ್ಕೆ. ತಿಂಗಳು ತಿಂಗಳು ತಪ್ಪದೆ ಬರುವ ಗಿರಾಕಿ ಬೇರೆ ಕಡೆ ಹೋಗಬಾರದು ಅಂತ. ದೀಪಾವಳಿ ಸೇಲ್‌ನಲ್ಲಿ ಸೀರೆ ಕೊಳ್ಳಲು ನಾಚಿಕೆ ಇಲ್ಲ ಅಂದಮೇಲೆ ಇದಕ್ಕೂ ಬೇಕಿಲ್ಲ ಅಲ್ವಾ?

ಒಂದು ವಿಷಯ ಮಾತ್ರ ಮೊದಲೇ ತಿಳಿದಿರಲಿ. ಖಾಸಗಿ ಅಂಗಡಿ, ಹೋಟೆಲ್‌ಗಳು ಹಿರಿಯರಿಗೆ ಬೆಲೆ ಇಳಿಸಲೇಬೇಕು ಅಂತ ಯಾವ ಕಾನೂನೂ ಇಲ್ಲ. ಹಿರಿಯ ನಾಗರಿಕರ ಪಾಲನೆಗಾಗಿ 2007ರಲ್ಲಿ ಬಂದ ಕಾಯ್ದೆ 60 ವರ್ಷ ತುಂಬಿದವರನ್ನು ಹಿರಿಯ ನಾಗರಿಕರು ಅನ್ನುತ್ತದೆ, ಅಷ್ಟೇ. ಅಂಗಡಿಯವರು ಬೇಕಾದರೆ 60ಕ್ಕೆ ಕೊಡಬಹುದು, 65ಕ್ಕೆ ಕೊಡಬಹುದು, ಕೊಡದೆಯೂ ಇರಬಹುದು. ಹಾಗಾಗಿ ಕೇಳುವುದು ನಮ್ಮ ಕೆಲಸ.

ಕಾರ್ಡ್‌ನಲ್ಲಿ ಹುಟ್ಟಿದ ದಿನ ನೋಡಿಕೊಳ್ಳಿ

ಮನೆಯಿಂದ ಹೊರಡುವ ಮೊದಲು ಮಾಡಬೇಕಾದ ಕೆಲಸ ಇದು. ನಮ್ಮ ಮಾವಶಿ ಯಾದಗಿರಿಯಲ್ಲಿ ಇರುತ್ತಾರೆ. ವಯಸ್ಸು ಕೇಳಿದರೆ ‘1972ರಾಗ ಬರ ಬಿತ್ತಲ್ಲ, ಆಗ ನಾ ಐದನೇ ಇಯತ್ತೆ’ ಅನ್ನುತ್ತಾರೆ. ಅಂದರೆ 60 ದಾಟಿ ಕೆಲವು ವರ್ಷ ಆಗಿದೆ. ಆದರೆ ಅವರ ಆಧಾರ್‌ನಲ್ಲಿ ಇರುವುದು 01/01/1968. ದಾಖಲೆ ಇಲ್ಲದೆ ಅಂದಾಜಿಗೆ ವಯಸ್ಸು ಬರೆಸಿದ ಹಳ್ಳಿಯ ಎಷ್ಟೋ ಹಿರಿಯರು ಹೀಗೆ ಜನವರಿ ಒಂದಕ್ಕೇ ಹುಟ್ಟಿದ್ದಾರೆ! ವರ್ಷವೂ ಹಿಂದೆ ಮುಂದೆ ಆಗಿರುತ್ತದೆ.

ಮಾವಶಿಯ ಪೆಟ್ಟಿಗೆಯಲ್ಲಿ ಹಳೆಯ ವೋಟಿನ ಕಾರ್ಡ್ ಸಿಕ್ಕಿತು. ಅದರಲ್ಲಿ ‘1-1-1995ಕ್ಕೆ ವಯಸ್ಸು 33’ ಅಂತ ಅಚ್ಚಾಗಿದೆ. ಲೆಕ್ಕ ಸರಿ ಹೋಯಿತು. ಈಗ ಅವರು ಅಂಗಡಿಯಲ್ಲಿ ಅದನ್ನೇ ತೋರಿಸುತ್ತಾರೆ. ನೀವೂ ಆಧಾರ್, ವೋಟಿನ ಕಾರ್ಡ್, ಡ್ರೈವಿಂಗ್ ಲೈಸೆನ್ಸ್, ಪಿಂಚಣಿ ಪುಸ್ತಕ ಎಲ್ಲವನ್ನೂ ಒಮ್ಮೆ ಟೇಬಲ್ ಮೇಲೆ ಹರವಿ ನೋಡಿ. ಸರಿಯಾದ ವಯಸ್ಸು ಇರುವುದನ್ನು ಚೀಲದಲ್ಲಿ ಇಟ್ಟುಕೊಳ್ಳಿ. ಆಧಾರ್‌ನಲ್ಲಿ ತಪ್ಪಿದ್ದರೆ ಆಧಾರ್ ಸೇವಾ ಕೇಂದ್ರದಲ್ಲಿ ತಿದ್ದಿಸಬಹುದು. ಜನನ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಾಸ್‌ಪೋರ್ಟ್ ಇಂಥ ಒಂದು ದಾಖಲೆ ಬೇಕು. ಹುಟ್ಟಿದ ದಿನವನ್ನು ಸಾಮಾನ್ಯವಾಗಿ ಒಂದೇ ಸಲ ತಿದ್ದಲು ಬಿಡುತ್ತಾರೆ. ಆದ್ದರಿಂದ ಕೇಂದ್ರದ ಕಂಪ್ಯೂಟರ್ ಪರದೆಯಲ್ಲಿ ತಾರೀಖು ಓದಿ ನೋಡಿದ ಮೇಲೆಯೇ ಹೂಂ ಅನ್ನಿ.

ಇನ್ನೊಂದು ದಾರಿ, ರಾಜ್ಯ ಸರ್ಕಾರ ಕೊಡುವ ಹಿರಿಯ ನಾಗರಿಕರ ಗುರುತಿನ ಚೀಟಿ. ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯದು ಅದು. ಸೇವಾ ಸಿಂಧು ಮೂಲಕ ಅರ್ಜಿ ಹಾಕಬೇಕು. ಫೋನಿನಲ್ಲಿ ಬರದಿದ್ದರೆ ಊರಿನ ಗ್ರಾಮ ಒನ್ ಕೇಂದ್ರಕ್ಕೆ ಹೋಗಿ. ಒಮ್ಮೆ ಮಾಡಿಸಿಟ್ಟರೆ ಕೌಂಟರ್‌ನಲ್ಲಿ ವಾದ ಮಾಡುವ ಪ್ರಶ್ನೆ ಬರುವುದಿಲ್ಲ.

ಕಾರ್ಡ್ ತೋರಿಸಿದರೆ ಸಾಕು, ಕೊಟ್ಟು ಬರಬೇಡಿ. ಜೆರಾಕ್ಸ್ ಕೇಳಿದರೆ ಯಾಕೆ ಅಂತ ಕೇಳಿ. ವಯಸ್ಸು ನೋಡಲು ಜೆರಾಕ್ಸ್ ಬೇಕಿಲ್ಲ. ಕೊಡಲೇಬೇಕಾಗಿ ಬಂದರೆ ಆಧಾರ್ ವೆಬ್‌ಸೈಟಿನಿಂದ ಕೊನೆಯ 4 ಅಂಕಿ ಮಾತ್ರ ಕಾಣುವ ಪ್ರತಿ ತೆಗೆಸಿಟ್ಟುಕೊಳ್ಳಿ. ಇದನ್ನು ನಿಮ್ಮ ಮಕ್ಕಳು ಐದು ನಿಮಿಷದಲ್ಲಿ ಮಾಡಿಕೊಡುತ್ತಾರೆ.

ಕೇಳುವ ಹೊತ್ತು

ಅಂಗಡಿಗೆ ಕಾಲಿಟ್ಟ ಕೂಡಲೇ ಕೇಳಿ. ಇದೇ ಇಡೀ ಲೇಖನದ ಮುಖ್ಯ ಮಾತು. ಬಿಲ್ ಒಮ್ಮೆ ಮುದ್ರಣವಾದರೆ ಅದಕ್ಕೊಂದು ನಂಬರ್ ಬೀಳುತ್ತದೆ, ಜಿಎಸ್‌ಟಿ ಲೆಕ್ಕಕ್ಕೆ ಹೋಗುತ್ತದೆ. ಅದನ್ನು ರದ್ದು ಮಾಡುವ ಅಧಿಕಾರ ಕೌಂಟರ್‌ನ ಹುಡುಗನಿಗೆ ಬಹಳ ಕಡೆ ಇರುವುದಿಲ್ಲ, ಮಾಲೀಕರನ್ನು ಕರೆಯಬೇಕು. ಹಿಂದೆ ಸಾಲು ನಿಂತಿರುತ್ತದೆ. ಆಗ ‘ಮುಂದಿನ ಸಲ ನೋಡೋಣ್ರಿ’ ಅಂದುಬಿಡುತ್ತಾರೆ.

ಮಾತು ಉದ್ದ ಬೇಡ. ‘ತಮ್ಮಾ, ಹಿರಿಯರಿಗಿ ಏನರ ಕಮ್ಮಿ ಅದ ಏನು? ಕಾರ್ಡ್ ತಂದೀನಿ’ ಅಂದರೆ ಮುಗಿಯಿತು. ಹೌದು ಅಂದರೆ ಮೂರು ವಿಷಯ ಕೇಳಿಕೊಳ್ಳಿ. ಎಲ್ಲ ಸಾಮಾನಿಗೂ ಇದೆಯೋ ಕೆಲವಕ್ಕೆ ಮಾತ್ರವೋ? ಇಷ್ಟು ರೂಪಾಯಿ ಮೇಲೆ ತಗೊಂಡರೆ ಮಾತ್ರ ಅಂತ ಇದೆಯೋ? ದಿನಾಲೂ ಇದೆಯೋ, ವಾರದಲ್ಲಿ ಒಂದು ದಿನವೋ? ದೊಡ್ಡ ಅಂಗಡಿಗಳು ಗಿರಾಕಿ ಕಡಿಮೆ ಇರುವ ನಡುವಾರದ ದಿನವನ್ನೇ ಹಿರಿಯರಿಗೆ ಇಡುವುದು ಜಾಸ್ತಿ. ನಿವೃತ್ತರಿಗೆ ಭಾನುವಾರವೇ ಹೋಗಬೇಕು ಅಂತೇನೂ ಇಲ್ಲವಲ್ಲ. ಗೊತ್ತಾದರೆ ಆ ದಿನವೇ ಹೋಗಬಹುದು.

ಬಟ್ಟೆ ಅಂಗಡಿಯಲ್ಲಿ ಒಂದು ಎಚ್ಚರ. ಹಬ್ಬದ ಆಫರ್ ಮತ್ತು ಹಿರಿಯರ ರಿಯಾಯಿತಿ ಎರಡೂ ಒಟ್ಟಿಗೆ ಸಿಗುವುದು ಅಪರೂಪ. 1,800ರ ಸೀರೆಗೆ ಹಬ್ಬದ ಶೇ 20 ಇದ್ದರೆ 360 ಉಳಿಯುತ್ತದೆ. ಹಿರಿಯರ ಶೇ 10ರಲ್ಲಿ ಉಳಿಯುವುದು 180. ಆ ದಿನ ಕಾರ್ಡ್ ಚೀಲದಲ್ಲೇ ಇರಲಿ.

ಔಷಧಿ: ಹೆಚ್ಚು ಉಳಿಯುವ ಜಾಗ

ಹಿರಿಯರ ಖರ್ಚಿನಲ್ಲಿ ತಪ್ಪಿಸಲು ಆಗದ್ದು ಇದೊಂದೇ. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಗುಳಿಗೆಯ ಪಟ್ಟಿಯ ಮೇಲೆ ಎಂಆರ್‌ಪಿ ಅಚ್ಚಾಗಿರುತ್ತದೆ. ತೆರಿಗೆ ಎಲ್ಲಾ ಅದರೊಳಗೇ ಸೇರಿರುತ್ತದೆ. ಅದಕ್ಕಿಂತ ಜಾಸ್ತಿ ಯಾರೂ ತಗೊಳ್ಳುವಂತಿಲ್ಲ. ರಿಯಾಯಿತಿ ಅಂದರೆ ಆ ಬೆಲೆಯಿಂದ ಕೆಳಗೆ ಇಳಿಯಬೇಕು. ಬಿಲ್ ಕೈಗೆ ಬಂದಾಗ ಒಂದು ಪಟ್ಟಿ ಎತ್ತಿ ಅದರ ಮೇಲಿನ ಬೆಲೆಯನ್ನು ಬಿಲ್ಲಿನ ಬೆಲೆಗೆ ಹೋಲಿಸಿ. ಪಟ್ಟಿಯಲ್ಲಿ 10 ಗುಳಿಗೆ ಇವೆಯೋ 15 ಇವೆಯೋ ಎಣಿಸಿ. ಬಿಲ್ಲಿನ ಕೆಳಗೆ ಡಿಸ್ಕೌಂಟ್ ಅಂತ ಬೇರೆ ಸಾಲು ಇದೆಯೋ ನೋಡಿ. ಕಣ್ಣು ಮಂಜಾದರೆ ಕನ್ನಡಕ ಹಾಕಿಕೊಂಡೇ ನೋಡಿ, ಅವಸರ ಬೇಡ. ಗಡುವು ತಾರೀಖೂ ಅಲ್ಲೇ ಇರುತ್ತದೆ. ಶೇ 15 ಸಿಗುತ್ತದೆ ಅಂತ ಆರು ತಿಂಗಳ ಗುಳಿಗೆ ಒಮ್ಮೆಗೇ ತಂದಿಡುವುದು ನನಗೆ ಸರಿ ಕಾಣುವುದಿಲ್ಲ. ಡಾಕ್ಟರು ನಡುವೆ ಗುಳಿಗೆ ಬದಲಿಸಿದರೆ ಉಳಿದದ್ದನ್ನು ಏನು ಮಾಡುವುದು?

ಇದಕ್ಕಿಂತ ದೊಡ್ಡ ಉಳಿತಾಯ ಬೇರೆ ಕಡೆ ಇದೆ, ಅದು ಜನೌಷಧಿ ಕೇಂದ್ರ. ಅಲ್ಲಿ ಹಿರಿಯರಿಗೆ ಅಂತ ಬೇರೆ ರಿಯಾಯಿತಿ ಇಲ್ಲ, ಎಲ್ಲರಿಗೂ ಒಂದೇ ಬೆಲೆ. ಆದರೆ ಆ ಬೆಲೆಯೇ ಹೆಸರಾಂತ ಕಂಪನಿಗಳ ಔಷಧಿಗಿಂತ ಸಾಮಾನ್ಯವಾಗಿ ಶೇ 50ರಿಂದ 90ರಷ್ಟು ಕಡಿಮೆ. ಬೇರೆ ಅಂಗಡಿಯವರು ಶೇ 10 ಬಿಟ್ಟುಕೊಟ್ಟರೂ ಅದಕ್ಕೆ ಸಮ ಆಗುವುದಿಲ್ಲ. ಹೀಗೆ ಮಾಡಿ: ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಕಂಪನಿ ಹೆಸರಿನ ಬದಲು ಔಷಧಿಯ ಮೂಲ ಹೆಸರು ಮತ್ತು ಎಷ್ಟು ಮಿಲಿಗ್ರಾಂ ಅನ್ನುವುದನ್ನು ಬರೆದುಕೊಡಲು ಕೇಳಿ. ಆ ಚೀಟಿ ತಗೊಂಡು ಜನೌಷಧಿ ಕೇಂದ್ರಕ್ಕೆ ಹೋಗಿ. ಅಲ್ಲಿ ಸಿಗದ್ದನ್ನು ಮಾತ್ರ ರಿಯಾಯಿತಿ ಕೊಡುವ ಅಂಗಡಿಯಲ್ಲಿ ಕೊಳ್ಳಿ. ಡಾಕ್ಟರನ್ನು ಕೇಳದೆ ನೀವೇ ಗುಳಿಗೆ ಬದಲಿಸಬೇಡಿ. ನಮ್ಮ ಅಪ್ಪ ಈಗ ಎರಡು ಗುಳಿಗೆ ಜನೌಷಧಿಯಿಂದ, ಒಂದು ಹಳೆಯ ಅಂಗಡಿಯಿಂದ ತರುತ್ತಾರೆ.

ರಕ್ತ ಪರೀಕ್ಷೆ ಮಾಡುವ ಲ್ಯಾಬ್‌ಗಳಲ್ಲೂ ಕೇಳಿ. ಅಲ್ಲಿ ಬೋರ್ಡ್ ಇರದಿದ್ದರೂ ಕೇಳಿದವರಿಗೆ ಕಡಿಮೆ ಮಾಡುವುದುಂಟು.

ಊಟಕ್ಕೆ ಹೋದಾಗ

ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಬಡಿಸುವ ಸಣ್ಣ ಖಾನಾವಳಿಯಲ್ಲಿ ನಾನು ರಿಯಾಯಿತಿ ಕೇಳುವುದಿಲ್ಲ, ನೀವೂ ಕೇಳಬೇಡಿ ಅನ್ನುತ್ತೇನೆ. ಅಲ್ಲಿ ಲಾಭವೇ ಕಡಿಮೆ. ಮೇಲಾಗಿ ‘ಆಯಿ, ಇನ್ನೊಂದು ಬಿಸಿ ರೊಟ್ಟಿ ಹಾಕ್ಲ್ಯಾ?’ ಅಂತ ತಾವೇ ಕೇಳಿ ಬಡಿಸುತ್ತಾರೆ. ಮಿರ್ಚಿ ಭಜಿ ಗಾಡಿಯವರ ಹತ್ತಿರವೂ ಬೇಡ.

ಕೇಳಬೇಕಾದದ್ದು ಮೆನು ಕಾರ್ಡ್ ಇರುವ ದೊಡ್ಡ ಹೋಟೆಲ್‌ಗಳಲ್ಲಿ. ಆರ್ಡರ್ ಕೊಡುವ ಮೊದಲು ಕೇಳಿ. ರಿಯಾಯಿತಿ ಇಡೀ ಟೇಬಲ್ಲಿನ ಬಿಲ್ಲಿಗೋ, ಹಿರಿಯರ ತಟ್ಟೆಗೆ ಮಾತ್ರವೋ ಅನ್ನುವುದು ಮುಖ್ಯ. ಮನೆಯ ಆರು ಮಂದಿಯಲ್ಲಿ ಇಬ್ಬರೇ ಹಿರಿಯರು ಇದ್ದರೆ ಇದರಿಂದ ಬಹಳ ವ್ಯತ್ಯಾಸ ಆಗುತ್ತದೆ. ಬಫೆ ಇದ್ದರೆ ಹಿರಿಯರಿಗೆ ಬೇರೆ ದರ ಇದೆಯೋ ಕೇಳಿ. ಕಡಿಮೆ ತಿನ್ನುವವರಿಗೆ ಎಷ್ಟೋ ಸಲ ಬಫೆಗಿಂತ ಹಾಫ್ ಪ್ಲೇಟ್ ತರಿಸುವುದೇ ಲಾಭ.

ಬಿಲ್ ಬಂದ ಮೇಲೆ ಲೆಕ್ಕ ಹೀಗಿರಬೇಕು. ಊಟ 800 ರೂಪಾಯಿ, ರಿಯಾಯಿತಿ ಶೇ 10 ಅಂದುಕೊಳ್ಳಿ. ಮೊದಲು 80 ಕಳೆಯಬೇಕು, 720 ಉಳಿಯಿತು. ಅದರ ಮೇಲೆ ಶೇ 5 ಜಿಎಸ್‌ಟಿ, ಅಂದರೆ 36. ಒಟ್ಟು 756. ಕೆಲವೊಮ್ಮೆ ಪೂರ್ತಿ 800ಕ್ಕೆ ತೆರಿಗೆ ಹಾಕಿ ಆಮೇಲೆ 80 ಕಳೆದು 760 ಮಾಡಿರುತ್ತಾರೆ. ನಾಲ್ಕೇ ರೂಪಾಯಿ, ಆದರೆ ಕಳೆದ ಹಣಕ್ಕೂ ತೆರಿಗೆ ಕಟ್ಟಿದ ಹಾಗಾಯಿತು. ಸರ್ವಿಸ್ ಚಾರ್ಜ್ ಅಂತ ಸೇರಿಸಿದ್ದರೆ ತೆಗೆಯಲು ಹೇಳಿ. ಅದನ್ನು ತಾನಾಗಿಯೇ ಬಿಲ್ಲಿಗೆ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಮಾರ್ಗಸೂಚಿ ಹೊರಡಿಸಿದೆ. ಮನಸ್ಸಿದ್ದರೆ ಬಡಿಸಿದ ಹುಡುಗನ ಕೈಗೆ ನೀವೇ ಕೊಡಿ.

ಇಲ್ಲ ಅಂದರೆ

ಬೋರ್ಡ್ ಇಲ್ಲದ ಅಂಗಡಿಯವರು ಇಲ್ಲ ಅಂದರೆ ಅಲ್ಲಿಗೆ ಬಿಡಿ, ಜಗಳ ಬೇಡ. ಬೋರ್ಡ್ ಹಾಕಿಯೂ ಕೊಡದಿದ್ದರೆ ಮಾತು ಬೇರೆ. ಜಾಹೀರಾತು ಮಾಡಿ ಕೊಡದಿರುವುದು ಗ್ರಾಹಕರನ್ನು ದಾರಿ ತಪ್ಪಿಸಿದ ಹಾಗೆ. ಬೋರ್ಡಿನ ಫೋಟೊ ತೆಗೆದುಕೊಳ್ಳಿ, ಬಿಲ್ ಹರಿಯಬೇಡಿ. ಮೊದಲು ಮಾಲೀಕರ ಹತ್ತಿರ ಮಾತಾಡಿ. ನನ್ನ ಅನುಭವದಲ್ಲಿ ಅಲ್ಲೇ ಬಗೆಹರಿಯುತ್ತದೆ. ಅಪ್ಪನ ಅಂಗಡಿಯವರೂ ಮರುದಿನ ಆ ಚೀಟಿಯನ್ನು ಕಾಣುವ ಕಡೆ ಅಂಟಿಸಿದರು, 126 ರೂಪಾಯಿಯನ್ನೂ ವಾಪಸ್ ಕೊಟ್ಟರು. ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಇನ್ನು, ‘ನಿಮಗೆ ಹಿರಿಯರ ಡಿಸ್ಕೌಂಟ್ ಕಾರ್ಡ್ ಬಂದಿದೆ, ಒಟಿಪಿ ಹೇಳಿ’ ಅಂತ ಫೋನ್ ಬಂದರೆ ಕೂಡಲೇ ಇಟ್ಟುಬಿಡಿ. ರಿಯಾಯಿತಿಗೆ ಒಟಿಪಿ ಬೇಕಿಲ್ಲ. ಅಕಸ್ಮಾತ್ ಹೇಳಿ ಹಣ ಹೋಯಿತು ಅಂದರೆ ತಡಮಾಡದೆ 1930ಕ್ಕೆ ದೂರು ಕೊಡಿ.

ಪೇಟೆಗೆ ಹೋಗುವ ಬಸ್ಸಿನಲ್ಲಿ

ಅಂಗಡಿಯಲ್ಲಿ ಉಳಿಸಿದ್ದು ದಾರಿ ಖರ್ಚಿಗೆ ಹೋಗಬಾರದಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ. ಹೀಗಾಗಿ ಆಯಿಗೆ ಚಿಂತೆ ಇಲ್ಲ. ಮುತ್ಯಾನಿಗೆ ಇರುವುದು ಶೇ 25ರ ರಿಯಾಯಿತಿ. 60 ತುಂಬಿದ, ಕರ್ನಾಟಕದಲ್ಲಿ ವಾಸವಿರುವ ಹಿರಿಯರಿಗೆ ಕಲ್ಯಾಣ ಕರ್ನಾಟಕ ಸಾರಿಗೆಯ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಇದು ಸಿಗುತ್ತದೆ. 160 ರೂಪಾಯಿ ಟಿಕೆಟ್ ಇದ್ದರೆ 120 ಕೊಟ್ಟರೆ ಸಾಕು.

ಇಲ್ಲಿಯೂ ಅದೇ ಕ್ರಮ. ಕಂಡಕ್ಟರ್ ಮಷಿನ್ ಒತ್ತುವ ಮೊದಲೇ ಕಾರ್ಡ್ ಮುಂದೆ ಹಿಡಿದು ‘ಸೀನಿಯರ್ ಸಿಟಿಜನ್’ ಅನ್ನಿ. ಬೀದರ್ ಬಸ್ ತುಂಬಿ ನೂಕುನುಗ್ಗಲು ಇದ್ದಾಗ ಕಾರ್ಡನ್ನು ಒಳ ಜೇಬಿನಿಂದ ಹುಡುಕಿ ತೆಗೆಯುವಷ್ಟರಲ್ಲಿ ಟಿಕೆಟ್ ಬಂದಿರುತ್ತದೆ. ಹತ್ತುವ ಮೊದಲೇ ಕೈಗೆ ತಗೊಂಡಿರಿ. ಮತ್ತೆ ಇಳಿಯುವ ತನಕ ಒಳಗೆ ಇಡಬೇಡಿ. ನಡುದಾರಿಯಲ್ಲಿ ತಪಾಸಣೆಗೆ ಹತ್ತಿದವರು ಟಿಕೆಟ್ ಜೊತೆ ಕಾರ್ಡನ್ನೂ ಕೇಳುತ್ತಾರೆ.