ಸಪ್ಲೈಯರ್ ಮೇಲ್ ಗೇಟ್‌ವೇಯಲ್ಲೇ ನಿಂತರೆ ಮೊದಲು ಹೆಡರ್ ನೋಡಿ

ಬಳ್ಳಾರಿ, ತೋರಣಗಲ್ಲು ಕಡೆ ಕಂಪನಿಗಳಲ್ಲಿ ಐಟಿ ನೋಡಿಕೊಳ್ಳುವವರಿಗೆ ಒಂದು ಮಾತು. ಸಪ್ಲೈಯರ್ ಕಳಿಸಿದ ಬಿಲ್ ಗೇಟ್‌ವೇಯಲ್ಲಿ (ಒಳಬರುವ ಮೇಲ್ ಪರೀಕ್ಷಿಸುವ ಸರ್ವರ್) ಕ್ವಾರಂಟೈನ್‌ಗೆ, ಅಂದರೆ ಅನುಮಾನದ ಮೇಲ್ ತಡೆದಿಡುವ ಕಡೆಗೆ, ಹೋಗಿದೆ ಅಂತ ಅಕೌಂಟ್ಸ್‌ನವರು ಫೋನ್ ಮಾಡಿದ ಕೂಡಲೇ ಅವರ ಡೊಮೇನನ್ನು (ಮೇಲ್ ವಿಳಾಸದಲ್ಲಿ @ ನಂತರದ ಭಾಗ) ಅಲೋ ಲಿಸ್ಟ್‌ಗೆ, ಅಂದರೆ ತಡೆಯದೆ ಒಳಗೆ ಬಿಡುವ ಪಟ್ಟಿಗೆ, ಹಾಕಬೇಡಿ. ನಾಳೆ ಅದೇ ಹೆಸರಲ್ಲಿ 'ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ' ಅಂತ ಕಳ್ಳ ಮೇಲ್ ಬಂದರೆ ಅದೂ ಸಲೀಸಾಗಿ ಒಳಗೆ ಬರುತ್ತದೆ.

ಮೇಲ್‌ನ ಪೂರ್ತಿ ಹೆಡರ್ (ಮೇಲ್ ಎಲ್ಲಿಂದ, ಹೇಗೆ ಬಂತು ಅನ್ನೋ ವಿವರ) ತೆರೆದು 'ಅಥೆಂಟಿಕೇಶನ್ ರಿಸಲ್ಟ್ಸ್' ಸಾಲು ಓದಿ. ಎಸ್‌ಪಿಎಫ್ (ಆ ಡೊಮೇನ್ ಹೆಸರಲ್ಲಿ ಮೇಲ್ ಕಳಿಸಲು ಆ ಸರ್ವರ್‌ಗೆ ಅನುಮತಿ ಇದೆಯಾ ಅಂತ ನೋಡುವ ಪರೀಕ್ಷೆ) ಫೇಲ್ ಅಂತಿದ್ದರೆ, ಗೇಟ್‌ವೇ ಪರೀಕ್ಷಿಸಿದ ಐಪಿ (ಸರ್ವರ್‌ನ ವಿಳಾಸ ಸಂಖ್ಯೆ) ಯಾರದು ನೋಡಿ. ಅದು ಮೇಲನ್ನು ಗೇಟ್‌ವೇಗೆ ದಾಟಿಸುವ ನಿಮ್ಮದೇ ರಿಲೇ ಸರ್ವರ್‌ದಾಗಿದ್ದರೆ ತಪ್ಪು ಕಳಿಸಿದವರದಲ್ಲ. ಆ ರಿಲೇ ನಮ್ಮದೇ ಅಂತ ಗೇಟ್‌ವೇ ಸೆಟಿಂಗ್‌ನಲ್ಲಿ ಸೇರಿಸಿ. ಆಗ ಅದು ರಿಲೇಗಿಂತ ಹಿಂದಿನ ಐಪಿ ನೋಡುತ್ತದೆ. ತುಂಬಾ ಜನ ಇದನ್ನು ಗಮನಿಸೋದೇ ಇಲ್ಲ.

ಎಸ್‌ಪಿಎಫ್ ಫಲಿತಾಂಶ ಪರ್ಮ್‌ಎರರ್ (ರೆಕಾರ್ಡ್‌ನಲ್ಲೇ ದೋಷ) ಅಂತ ಬಂದರೆ ತೊಂದರೆ ಸಪ್ಲೈಯರ್ ಕಡೆ. ಒಂದೇ ಡೊಮೇನ್‌ಗೆ ಎರಡು ಎಸ್‌ಪಿಎಫ್ ರೆಕಾರ್ಡ್ ಇರಬಹುದು, ಇಲ್ಲ ಆ ರೆಕಾರ್ಡ್ ಪರೀಕ್ಷಿಸಲು ಬೇಕಾದ ಡಿಎನ್‌ಎಸ್ ಲುಕ್‌ಅಪ್ (ಡೊಮೇನ್ ವಿವರ ಹುಡುಕುವುದು) ಮಿತಿಯಾದ 10 ದಾಟಿರಬಹುದು. ಆ ಸಾಲನ್ನೇ ಕಾಪಿ ಮಾಡಿ ಅವರಿಗೆ ಕಳಿಸಿ. ಸುಮ್ನೆ 'ನಿಮ್ಮ ಮೇಲ್ ಬರ್ತಿಲ್ಲ' ಅಂದರೆ ಅವರಿಗೇನು ಗೊತ್ತಾಗುತ್ತದೆ, ಅಲ್ವಾ? ಅವರು ಸರಿಮಾಡುವವರೆಗೆ ಅರ್ಜೆಂಟ್ ಬಿಲ್‌ಗಳನ್ನು ಒಂದೊಂದಾಗಿ ಬಿಡಿಸಿ. ಬಿಡಿಸುವ ಮೊದಲು ನಿಮ್ಮಲ್ಲಿರುವ ಹಳೇ ನಂಬರಿಗೇ ಫೋನ್ ಮಾಡಿ ಕೇಳಿ, ಮೇಲ್‌ನಲ್ಲಿರುವ ನಂಬರಿಗಲ್ಲ.